ಕಾದ ಮೇಲೆ ಇನ್ನೊಂದು ಸುತ್ತು

ಬಲಗೈಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು, ಅದನ್ನು ಕೊರಳಿಂದ ಇಳಿಬಿಟ್ಟ ಅರಿವೆಯಲ್ಲಿ ತೂಗುಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದವನನ್ನು ನೋಡಿ ನೀಲಾಬಾಯಿ ಏನೂ ಕೇಳಲಿಲ್ಲ. ಓಣಿಯ ತುದಿಗೆ ಕೈ ತೋರಿಸಿದಳು.

“ಎಲಬು ಕಟ್ಟಾವ್ರ ಮನಿ ಅಲ್ಲಿ ಅದರಿ. ಬೇವಿನ ಗಿಡದ ಬಾಜೂಕ.”

“ಎಲಬು ಕಟ್ಟಿಸ್ಕೊಂಡ ಬಂದೀನ್ರಿ ವೈನಿ,” ಎಂದ ಅವನು. “ನಾ ಮೋಟಾರಿನ ಸಲುವಾಗಿ ಬಂದೀನಿ.”

“ಮೋಟಾರು ಕೆಟ್ಟು ನಿಂತಾದ. ಎಲ್ಲಿಗೂ ಹೋಗೂದಿಲ್ಲ.”

“ಹೋಗೂಹಂಗಿದ್ರ ನನ್ನ ಯಾಕ ಕರೀತಿದ್ರಿ?”

ಬೇರೆ ಯಾರಾದರೂ ಆಗಿದ್ದರೆ ಸೆರಗಿನ ಮರೆಯಲ್ಲಿ ನಗು ತಡೆಯುತ್ತಿದ್ದರು. ಅವನೂ ಆ ನಗುವಿಗಾಗಿ ಹುಬ್ಬು ಏರಿಸಿ ಒಂದು ಕ್ಷಣ ಕಾದ. ನೀಲಾಬಾಯಿ ಬಾಗಿಲಿಂದ ಪಕ್ಕಕ್ಕೆ ಸರಿದಳು, ಅಷ್ಟೆ. ಕೊಟ್ಟಿಗೆ ಯಾವ ಕಡೆ ಎಂದು ತೋರಿಸಿ ಒಳಗೆ ಹೋದಳು.

ಅವನ ಹೆಸರು ಸಾಯಬಣ್ಣ. ಹನ್ನೂರಿನವನು. ಅಕ್ಕಲಕೋಟೆಯ ರೈಲು ಸ್ಟೇಷನ್ನಿನಿಂದ ಊರೊಳಗಿನ ಮಠದವರೆಗೆ ಯಾತ್ರಿಕರನ್ನು ಬಾಡಿಗೆ ಮೋಟಾರಿನಲ್ಲಿ ಒಯ್ಯುತ್ತಿದ್ದ. ಮೋಟಾರು ಚಾಲೂ ಮಾಡುವಾಗ ಹ್ಯಾಂಡಲು ತಿರುಗಿ ಹೊಡೆದು ಅವನ ಮಣಿಕಟ್ಟು ಮುರಿದಿತ್ತು. “ಮಂದಿಗೆ ಹುಷಾರಾಗಿ ತಿರುವ್ರಿ ಅಂತ ಹೇಳಾಂವ ನಾನ, ಹೊಡಸ್ಕೊಂಡಾಂವನೂ ನಾನ,” ಎಂದು ಕೇಳಿದವರಿಗೆಲ್ಲ ಹೇಳಿ ತಾನೇ ಮೊದಲು ನಗುತ್ತಿದ್ದ.

ಸೋಲಾಪುರದಲ್ಲಿ ಮಾರ್ಷಲ್ ಲಾ ಆಗಿಹೋದ ಮರುವರ್ಷ ಅದು. ಮೈಂದರ್ಗಿಯ ಕಲ್ಲಣ್ಣನ ಮನೆಯಲ್ಲಿ ಎತ್ತುಗಳ ನಡುವೆ ಒಂದು ಮೋಟಾರು ನಿಂತಿತ್ತು. ಮಗ ಶಿವರಾಯ ಅದನ್ನು ಸೋಲಾಪುರದ ಮಿಲ್ಲಿನ ಸಾಹೇಬನೊಬ್ಬನಿಂದ ಕೊಂಡು ತಂದಿದ್ದ. ಅಕ್ಕಲಕೋಟೆಯಲ್ಲಿ ಅವನಿಗೆ ಓಡಿಸಲು ಕಲಿಸಿದವನು ಇದೇ ಸಾಯಬಣ್ಣ. ಶಿವರಾಯ ವಿಷಮಜ್ವರದಲ್ಲಿ ಹೋಗಿಬಿಟ್ಟ. ಆಮೇಲೆ ಊರವರು ಯಾರೋ ನೀರು ಹಾಕದೆ ಓಡಿಸಿ, ಎಂಜಿನ್ನು ಸುಟ್ಟ ವಾಸನೆಯೊಂದಿಗೆ ತಂದು ನಿಲ್ಲಿಸಿದರು. ಈಗ ಹಿಂದಿನ ಸೀಟಿನ ಮೇಲೆ ಕೋಳಿಗಳು ತತ್ತಿ ಇಡುತ್ತಿದ್ದವು.

ಅದು ಹಾಗೇ ನಿಂತಿರುತ್ತಿತ್ತೇನೋ. ಆದರೆ ಶಿವರಾಯನ ತಾಯಿ ತುಳಜಾಬಾಯಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೋಲಾಪುರದ ದವಾಖಾನೆಯಲ್ಲಿ ಕತ್ತರಿಸಿ ತೆಗೆಯುತ್ತಾರೆ ಎಂದು ಎಲ್ಲರೂ ಹೇಳಿದರು. ಮುದುಕಿ ಚಕ್ಕಡಿ ಬೇಡವೆಂದಳು, ರೈಲೂ ಬೇಡವೆಂದಳು.

“ಹೋದ್ರ ನನ್ನ ಮಗನ ಮೋಟಾರಿನ್ಯಾಗ ಹೋಗ್ತೀನಿ. ಇಲ್ಲಂದ್ರ ಕುರುಡಿ ಆಗೇ ಕುಂದರ್ತೀನಿ.”

ಕಲ್ಲಣ್ಣ ಹೆಂಡತಿಯನ್ನು ಬೈದ, ಬೇಡಿಕೊಂಡ, ಕೊನೆಗೆ ಸಾಯಬಣ್ಣನಿಗೆ ಹೇಳಿಕಳಿಸಿದ.

ನೀಲಾಬಾಯಿ ಈ ಯಾವುದರಲ್ಲೂ ಬಾಯಿ ಹಾಕಲಿಲ್ಲ. ಗಂಡ ಶಿವರಾಯ ಸತ್ತ ದಿನ ಅವಳು ಅತ್ತಿರಲಿಲ್ಲ. ಹೆಂಗಸರು ಅವಳ ಬೆನ್ನು ತಟ್ಟಿ, ಹೆಗಲು ಅಲುಗಿಸಿ ಅಳಿಸಲು ನೋಡಿದರು, ಅಳು ಬರಲಿಲ್ಲ. ಇವತ್ತು ಬರಬಹುದು, ನಾಳೆ ಬರಬಹುದು ಎಂದು ಅವಳೂ ಕಾದಳು. ಆಮೇಲೆ ಕಾಯುವುದನ್ನೂ ಬಿಟ್ಟಳು. ಏಳುವುದು, ರೊಟ್ಟಿ ಬಡಿಯುವುದು, ಎಮ್ಮೆ ಹಿಂಡುವುದು ಎಲ್ಲವನ್ನೂ ಕೈಗಳು ತಾವೇ ಮಾಡುತ್ತಿದ್ದವು. ಅವಳು ಮಾತ್ರ ಅವುಗಳಿಂದ ದೂರ ಎಲ್ಲೋ ಕೂತಿದ್ದಳು. ಎಲ್ಲಿ ಎಂದು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ.

*

ಎಂಜಿನ್ನು ಬಿಚ್ಚುವ ಕೆಲಸ ಕೊಟ್ಟಿಗೆಯಲ್ಲೇ ನಡೆಯಿತು. ಎತ್ತುಗಳನ್ನು ಹೊರಗೆ ಕಟ್ಟಿದರು. ತುಳಜಾಬಾಯಿಯ ಹೊರಸನ್ನು ಕೊಟ್ಟಿಗೆಯ ಬಾಗಿಲಿಗೆ ತಂದು ಹಾಕಿದರು. ಅವಳಿಗೆ ಕಾಣುತ್ತಿದ್ದುದು ಬರೀ ಬೆಳಕು ಮತ್ತು ಅಲ್ಲಾಡುವ ನೆರಳು. ಆದರೂ ಮಗನ ಮೋಟಾರಿನ ಸದ್ದುಗಳನ್ನೆಲ್ಲ ಕೇಳಬೇಕಿತ್ತು.

ಸಾಯಬಣ್ಣ ಬಾಯಿಂದ ಹೇಳುವುದು, ಕಲ್ಲಣ್ಣ ಕೈಯಿಂದ ಬಿಚ್ಚುವುದು, ನೀಲಾಬಾಯಿ ಬಿಚ್ಚಿದ್ದನ್ನು ಸೀಮೆಎಣ್ಣೆಯಲ್ಲಿ ತೊಳೆದು ಗೋಣಿಯ ಮೇಲೆ ಸಾಲಾಗಿ ಇಡುವುದು. ಹೀಗೆ ಕೆಲಸ ಹಂಚಿಹೋಯಿತು.

“ವೈನಿ, ಆ ಪಿಸ್ಟನ್ನು ಅಷ್ಟು ತಿಕ್ಕಬ್ಯಾಡ್ರಿ. ಅದರಾಗ ಮಾರಿ ನೋಡ್ಕೋಬೇಕಂತ ಮಾಡೀರೇನು?”

“ಇನ್ನೊಂದು ಕೊಡ್ರಿ,” ಎಂದಳು ಅವಳು.

“ಇವರ ಮುಂದ ಮಾತಾಡೂದು ಅಂದ್ರ ಬಾವಿಯೊಳಗ ಕಲ್ಲು ಹಾಕಿದಂಗ ನೋಡ್ರಿ ಕಾಕು. ಬಿದ್ದ ಸಪ್ಪಳಾನೂ ಬರೂದಿಲ್ಲ.”

ತುಳಜಾಬಾಯಿ ಹೊರಸಿನ ಮೇಲಿಂದ ಹೇಳಿದಳು: “ಬಾವಿ ಆಳ ಅದ ತಮ್ಮಾ. ಸಪ್ಪಳ ಬರೂದು ತಡಾ ಆಗ್ತದ.”

ವಾಲ್ವುಗಳನ್ನು ಕೂರಿಸುವ ಜಾಗಕ್ಕೆ ಸಾಣೆಪುಡಿಯ ಜಿಡ್ಡು ಹಚ್ಚಿ, ಅಂಗೈಗಳ ನಡುವೆ ಕಡಗೋಲು ತಿರುವಿದಂತೆ ಅತ್ತಿತ್ತ ತಿರುವಿ ಉಜ್ಜಬೇಕಿತ್ತು. ಸಾಯಬಣ್ಣನಿಂದ ಒಂದು ಕೈಯಲ್ಲಿ ಆಗುವ ಕೆಲಸವಲ್ಲ. ಕಲ್ಲಣ್ಣನಿಗೆ ಸಹನೆ ಇಲ್ಲ. ನೀಲಾಬಾಯಿ ಮಜ್ಜಿಗೆ ಕಡೆದ ಹಾಗೆ ಒಂದೇ ಲಯದಲ್ಲಿ ತಿರುವುತ್ತ ಕೂತಳು. ಬಳೆಯಿಲ್ಲದ ಅವಳ ಮಣಿಕಟ್ಟುಗಳು ಬೂದುಬಣ್ಣದ ಜಿಡ್ಡು ಮೆತ್ತಿಕೊಂಡಿದ್ದವು. ಒಮ್ಮೆ ತಲೆ ಎತ್ತಿದಾಗ ಸಾಯಬಣ್ಣ ಆ ಕೈಗಳನ್ನೇ ನೋಡುತ್ತಿದ್ದ. ಅವನು ತಟ್ಟನೆ ಕಣ್ಣು ತೆಗೆದು ಚಾವಣಿಯ ಗುಬ್ಬಿಗೂಡನ್ನು ನೋಡಿದ. ಅಲ್ಲಿ ಗುಬ್ಬಿ ಇರಲಿಲ್ಲ.

ಅವಳಿಗೆ ನಾಚಿಕೆಯಾಗಲಿಲ್ಲ, ಸಿಟ್ಟೂ ಬರಲಿಲ್ಲ. ಇವನು ನೋಡಿದ, ಎಂದುಕೊಂಡಳು. ಮತ್ತೆ ತಿರುವತೊಡಗಿದಳು. ಆದರೆ ಸಂಜೆ ರೊಟ್ಟಿ ಬಡಿಯುವಾಗ, ಇವನು ನೋಡಿದ ಎಂಬುದು ಇನ್ನೊಮ್ಮೆ ನೆನಪಾಯಿತು.

*

ಕೆಲಸ ಕೆಟ್ಟಿದ್ದು ಸಾಯಬಣ್ಣ ಇಲ್ಲದ ಹೊತ್ತಿನಲ್ಲಿ.

ಕೈಯ ಕಟ್ಟು ಬಿಚ್ಚಿಸಲು ಅವನು ಅಕ್ಕಲಕೋಟೆಗೆ ಹೋಗಿದ್ದ. ಎಂಜಿನ್ನಿನ ಒಳಗಿನದೆಲ್ಲ ಕೂಡಿಸಿಯಾಗಿತ್ತು. ಮೇಲಿನ ಮುಚ್ಚಳವನ್ನು, ಅವರು ಹೆಡ್ಡು ಎನ್ನುತ್ತಿದ್ದ ಆ ಭಾರವಾದ ಬೀಡುಕಬ್ಬಿಣದ ತುಂಡನ್ನು, ಬೋಲ್ಟು ಹಾಕಿ ಬಿಗಿಯುವುದೊಂದೇ ಉಳಿದಿತ್ತು. ನಡುವೆ ತಾಮ್ರದ ತೆಳುವಾದ ಹಾಳೆಯ ಪ್ಯಾಕಿಂಗು. ಒಳಗಿನ ಬೆಂಕಿ ಒಳಗೆ, ಸುತ್ತಲಿನ ನೀರು ಸುತ್ತಲೇ ಇರುವಂತೆ ಕಾಯುವುದು ಅದೊಂದೇ.

ಕಲ್ಲಣ್ಣ ಅವನ ದಾರಿ ಕಾಯಲಿಲ್ಲ. ಒಂದು ತುದಿಯಿಂದ ಶುರುಮಾಡಿ ಪ್ರತಿ ಬೋಲ್ಟನ್ನೂ ಪೂರ್ತಿ ಬಿಗಿದ. ಬೋಲ್ಟು ತಿರುವುವ ಪಾನಾದ ಹಿಡಿಕೆಗೆ ಕಬ್ಬಿಣದ ಕೊಳವೆ ಸಿಗಿಸಿ, ಗಾಣ ತಿರುವಿದಂತೆ ಮೈಭಾರ ಹಾಕಿ ಜಗ್ಗಿದ. ಸಾಯಬಣ್ಣ ಬಂದ ಕೂಡಲೇ ಹೆಮ್ಮೆಯಿಂದ, “ಆತು ನೋಡು. ಹ್ಯಾಂಡಲು ನಾನ ಹೊಡೀತೀನಿ,” ಎಂದ.

ಎಂಜಿನ್ನು ಕೆಮ್ಮಿತು, ಹಿಡಿಯಿತು, ನಾಲ್ಕಾರು ಉಸಿರು ಓಡಿತು. ಆಮೇಲೆ ಹಿಂದಿನ ಕೊಳವೆಯಿಂದ ಬೆಳ್ಳಗೆ ಹೊಗೆ. ಮುಂದಿನ ನೀರಿನ ಡಬ್ಬಿಯಲ್ಲಿ ಅನ್ನ ಕುದಿಯುವ ಹಾಗೆ ಗುಳ್ಳೆ. ಬಿಚ್ಚಿ ನೋಡಿದರೆ ತಾಮ್ರದ ಹಾಳೆ ಒಂದು ಕಡೆ ಹಪ್ಪಳದ ಹಾಗೆ ನುಗ್ಗಾಗಿ, ಇನ್ನೊಂದು ಕಡೆ ಹೊಸದಾಗಿಯೇ ಇತ್ತು.

ಕಲ್ಲಣ್ಣ ಗೋಣಿಯ ಮೇಲೆ ಕುಸಿದು ಕೂತ. “ಇದು ಮಣ್ಣು ಅಗಿಯೂ ಕೈ. ಎತ್ತು ತಿಳೀತದ, ಇದು ತಿಳೀಲಿಲ್ಲ.”

“ಚೂಕಿ ನಂದು ಕಾಕಾ,” ಎಂದ ಸಾಯಬಣ್ಣ. ಅವನ ಮುಖದಲ್ಲಿ ಮೊದಲ ಸಲ ನಗು ಇರಲಿಲ್ಲ. “ಇಷ್ಟು ದಿನ ಊರ ಉಸಾಬರಿ ಎಲ್ಲಾ ಮಾತಾಡಿದೆ. ಬೋಲ್ಟು ಹ್ಯಾಂಗ ಬಿಗೀಬೇಕು ಅಂತ ಒಂದು ಮಾತು ಹೇಳದ ಹೋದೆ.”

ಸೋಲಾಪುರದಿಂದ ಹೊಸ ಪ್ಯಾಕಿಂಗು ತರಿಸಿದರು. ಅಂಗಡಿಯವನ ಹತ್ತಿರ ಇದ್ದದ್ದು ಅದೊಂದೇ. ಇದೂ ಕೆಟ್ಟರೆ ಮುಂಬೈಯಿಂದ ಬರಬೇಕು. ಅಷ್ಟರಲ್ಲಿ ತುಳಜಾಬಾಯಿಗೆ ಬೆಳಕೂ ಮಸುಕಾಗತೊಡಗಿತ್ತು. ಸಾಯಬಣ್ಣನ ಕೈ ಕಟ್ಟು ಬಿಚ್ಚಿದ್ದರೂ ಪಾನಾ ಜಗ್ಗುವ ಬಲ ಇರಲಿಲ್ಲ. ಕಲ್ಲಣ್ಣ ಇನ್ನು ಮುಟ್ಟುವುದಿಲ್ಲ ಎಂದುಬಿಟ್ಟ.

“ನೀಲಾ ಮಾಡ್ಲಿ,” ಎಂದಳು ತುಳಜಾಬಾಯಿ. “ನನ್ನ ಕಣ್ಣಾಗ ಔಷಧ ಹಾಕಾಕಿ ಆಕಿ. ಇಷ್ಟು ದಿನದಾಗ ಒಂದು ಹನಿ ಗಲ್ಲಕ್ಕ ಬಿದ್ದಿಲ್ಲ.”

ಮರುದಿನ ಬೆಂಕಿ ಒಯ್ಯಲು ಬಂದ ಪಕ್ಕದ ಮನೆಯ ಹಣಮವ್ವ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಗದ್ದಕ್ಕೆ ಕೈಹಚ್ಚಿದಳು. “ಏನ್ ಕಾಲ ಬಂತವ್ವಾ! ಗಂಡ ಸತ್ತಾಕಿ ಪರಗಂಡಸಿನ ಎದುರು ಪಾನಾ ಹಿಡಕೊಂಡು ಕುಂತಾಳಲ್ಲ!”

ತುಳಜಾಬಾಯಿ ದನಿ ಬಂದ ಕಡೆ ಮುಖ ತಿರುಗಿಸಿದಳು. “ನಿನಗ ಕಣ್ಣು ಕಾಣಸ್ತಾವ, ಅದಕ್ಕ ನೋಡಾಕ ಬಂದೀದಿ. ನನಗೂ ಕಾಣಸ್ಲಿ ಅಂತ ಆಕಿ ಕುಂತಾಳ. ಬೆಂಕಿ ಒಲಿಯಾಗ ಅದ, ತಗೊಂಡು ಹೋಗು.”

*

ಎಂಜಿನ್ನಿನ ಒಂದು ಬದಿಗೆ ಅವಳು, ಎದುರು ಬದಿಗೆ ಅವನು.

ಮೊದಲು ಬೋಲ್ಟಿನ ತೂತುಗಳನ್ನು ಕಡ್ಡಿಗೆ ಅರಿವೆ ಸುತ್ತಿ ಒರೆಸಿದರು. ತಳದಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಬೋಲ್ಟು ಕೂತಂತೆ ನಟಿಸುತ್ತದೆ, ಕೂತಿರುವುದಿಲ್ಲ. ಆಮೇಲೆ ಒಂದೊಂದು ಬೋಲ್ಟಿನ ಎಳೆಗೂ ಬೆರಳ ತುದಿಯಷ್ಟು ಎಣ್ಣೆ.

“ಎಲ್ಲಾ ಬೋಲ್ಟು ಮೊದಲ ಬೆರಳಿಲೇ ತಿರುವಿ ಕೂಡಸ್ರಿ. ಪಾನಾ ಮುಟ್ಟಬ್ಯಾಡ್ರಿ,” ಎಂದ ಸಾಯಬಣ್ಣ. “ಈಗ ನಡುವಿನ ಬೋಲ್ಟು. ಒಂದೀಟ ಜಗ್ರಿ. ಸಾಕು. ಈಗ ಅದರ ಎದುರಿಂದು. ಆಮ್ಯಾಲ ಈ ಬಾಜೂಕ, ಆಮ್ಯಾಲ ಆ ಬಾಜೂಕ. ನಡುವಿಂದ ಅಂಚಿಗಿ ಹೋಗಬೇಕು.”

“ರೊಟ್ಟಿ ಬಡದಂಗ,” ಎಂದಳು ಅವಳು.

ಅವನು ಅವಳ ಮುಖ ನೋಡಿದ. “ಹೌದ್ರಿ. ಅಂಚಿಂದ ಬಡದ್ರ ನಡುವ ಉಬ್ಬು ಏಳ್ತದಲ್ಲ, ಹಂಗ.”

ಒಂದು ಸುತ್ತು ಹಗುರಾಗಿ. ಎರಡನೆಯ ಸುತ್ತು ಇನ್ನಷ್ಟು. ಯಾವುದನ್ನೂ ಒಮ್ಮೆಲೇ ಪೂರ್ತಿ ಬಿಗಿಯುವಂತಿಲ್ಲ. ಯಾವ ಬೋಲ್ಟು ಎಂದು ಅವನು ಎಡಗೈ ಬೆರಳಿನಿಂದ ತೋರಿಸುತ್ತಿದ್ದ. ಅವಳು ಪಾನಾ ಇಟ್ಟು ಮೊಳಕೈಯಿಂದ ನಿಧಾನ ಜಗ್ಗುತ್ತಿದ್ದಳು. ಪ್ರತಿಯೊಂದಕ್ಕೂ ಅಷ್ಟೇ ಬಲ, ಅಷ್ಟೇ ಹೊತ್ತು. ಪಾನಾದ ಸಣ್ಣ ಕಿರ್ರೆಂಬ ಸದ್ದು ಬಿಟ್ಟರೆ ಕೊಟ್ಟಿಗೆಯಲ್ಲಿ ತುಳಜಾಬಾಯಿಯ ಜಪದ ಗುಣುಗು ಮಾತ್ರ.

“ಈಗ ಕಡೀ ಸುತ್ತು. ಬೋಲ್ಟು ಬಿಗಿ ಆಗ್ತಾ ಬರ್ತದ, ಕೈಗಿ ತಿಳೀತದ. ಬಿಗಿ ಆಗೂದು ಬಿಟ್ಟು ಒಮ್ಮೆಲೇ ಮೆತ್ತಗ ಬಂತಂದ್ರ ನಿಂದ್ರಬೇಕು. ಬೋಲ್ಟು ಹರಕೊಳ್ಳಾಕತ್ತದ ಅಂತ ಅರ್ಥ.” ಸ್ವಲ್ಪ ತಡೆದು ಅವನು ಸೇರಿಸಿದ, “ನಿಮ್ಮ ಕೈ ಬರೋಬ್ಬರಿ ಅದರಿ ವೈನಿ. ಸಿಟ್ಟಿಲ್ಲ ಅದರಾಗ.”

“ಸಿಟ್ಟಷ್ಟ ಅಲ್ಲ. ಏನೂ ಇಲ್ಲ.”

ಹೇಳಿದ್ದು ಊರಿನ ಮಳೆಯ ಸುದ್ದಿ ಹೇಳಿದ ಹಾಗೆ. ಅವನು ಮುಂದಿನ ಬೋಲ್ಟಿಗೆ ಬೆರಳು ತೋರಿಸಿದ.

ಅಂಚಿನ ಹತ್ತಿರದ ಒಂದು ಬೋಲ್ಟಿಗೆ ಬಂದಾಗ ಅವಳ ಕೈ ನಿಂತಿತು.

“ಯಾಕ್ರಿ?”

“ಇದು ಬ್ಯಾರೆ ಅನಸ್ತದ.”

“ಇಲ್ರಿ, ಬರೋಬ್ಬರಿ ಅದ. ಇನ್ನ ಒಂದೀಟ ಜಗ್ರಿ.”

“ಬ್ಯಾಡ. ಮೆತ್ತಗ ಬರಾಕತ್ತದ,” ಎಂದು ಅವಳು ಪಾನಾ ತೆಗೆದಳು.

ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ಬೋಲ್ಟಿನ ಕೊರಳು ಎಳೆದ ಬೆಲ್ಲದ ಪಾಕದ ಹಾಗೆ ಸಣ್ಣಗಾಗಿತ್ತು. ಕಲ್ಲಣ್ಣನ ಕೊಳವೆಯ ಪೆಟ್ಟು ಅದು. ಇನ್ನೊಂದು ಎಳೆತಕ್ಕೆ ಮುರಿದು, ತುಂಡು ಒಳಗೇ ಉಳಿಯುತ್ತಿತ್ತು. ಸಾಯಬಣ್ಣ ಹಣೆಯ ಬೆವರು ಒರೆಸಿಕೊಂಡು, ಶಿವರಾಯ ಕೂಡಿಸಿಟ್ಟಿದ್ದ ಡಬ್ಬಿಯಲ್ಲಿ ಬೇರೆ ಬೋಲ್ಟು ಹುಡುಕಿದ. ಅವನು ಹುಡುಕುವಷ್ಟು ಹೊತ್ತು ನೀಲಾಬಾಯಿ ತನ್ನ ಅಂಗೈಯನ್ನು ನೋಡುತ್ತ ಕೂತಳು. ಅನಸ್ತದ ಎಂಬ ಮಾತು ಅವಳ ಬಾಯಿಂದ ಹೊರಟು ಯಾವ ಕಾಲವಾಗಿತ್ತೋ.

ಆ ಮಧ್ಯಾಹ್ನ ಎಂಜಿನ್ನು ಹಿಡಿಯಿತು, ನಿಲ್ಲಲಿಲ್ಲ. ಹೊಗೆ ತಿಳಿಯಾಯಿತು, ನೀರು ಸುಮ್ಮನಿತ್ತು. ತುಳಜಾಬಾಯಿ ಹೊರಸಿನಿಂದ ಎದ್ದು ತಡವರಿಸುತ್ತ ಬಂದು, ನಡುಗುವ ಮೋಟಾರಿನ ಮೇಲೆ ಎರಡೂ ಕೈ ಇಟ್ಟು ಜೋರಾಗಿ ಅತ್ತಳು. ಕಲ್ಲಣ್ಣ ಗೋಡೆಗೆ ಮುಖ ಮಾಡಿ ನಿಂತ. ನೀಲಾಬಾಯಿ ಚೆಲ್ಲಿದ ಎಣ್ಣೆಗೆ ಬೂದಿ ಹಾಕಿ ಗುಡಿಸಿದಳು.

*

ಸೋಲಾಪುರಕ್ಕೆ ಹೊರಟದ್ದು ಬೆಳಗಿನ ತಂಪಿನಲ್ಲಿ. ಸಾಯಬಣ್ಣ ಓಡಿಸಿದ. ಅಕ್ಕಲಕೋಟೆ ದಾಟಿ, ವಳಸಂಗದ ಹತ್ತಿರ ದಾರಿಬದಿಯ ಹುಣಸೆಮರದ ಕೆಳಗೆ ಅವನೇ ನಿಲ್ಲಿಸಿದ.

“ಕೆಟ್ಟಿತೇನು?” ಎಂದ ಕಲ್ಲಣ್ಣ ಗಾಬರಿಯಿಂದ.

“ಇಲ್ಲ ಕಾಕಾ. ಹೊಸಾ ಪ್ಯಾಕಿಂಗು ಕಾದಮ್ಯಾಲ ಕುಗ್ಗತದ, ಬೋಲ್ಟು ಸಡಲ ಆಗ್ತಾವ. ಇನ್ನೊಂದು ಸುತ್ತು ಬಿಗೀಬೇಕು. ನೀವು ಬುತ್ತಿ ಬಿಚ್ರಿ.”

ಮುದುಕರಿಬ್ಬರೂ ಮರದ ಆಚೆಯ ನೆರಳಿಗೆ ಹೋದರು. ನೀಲಾಬಾಯಿ ಪಾನಾ ತೆಗೆದುಕೊಂಡು ನಡುವಿನ ಬೋಲ್ಟಿನಿಂದ ಶುರುಮಾಡಿದಳು. ಎಂಜಿನ್ನಿನ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಪಾನಾ ಹಿಡಿದ ಕೈಗೆ ಆಸರೆಯಾಗಲೆಂದು ಇನ್ನೊಂದು ಕೈಯನ್ನು ಹೆಡ್ಡಿನ ಮೇಲೆ ಊರಿದ್ದಳು.

“ಕೈ! ಕೈ ತಗೀರಿ!”

ಅವಳು ಏನಾಯಿತೆಂದು ಅವನನ್ನೇ ನೋಡಿದಳು. ಅವನು ಅವಳ ಮಣಿಕಟ್ಟು ಹಿಡಿದು ಎತ್ತಿದ. ಅಂಗೈ ಕೆಂಪಗೆ ಸುಟ್ಟುಹೋಗಿತ್ತು.

“ಸುಟ್ಟದ್ದು ತಿಳೀಲಿಲ್ಲೇನು ನಿಮಗ?”

“ಹೌದಲ್ಲ,” ಎಂದಳು ಅವಳು, ಬೇರೆ ಯಾರದೋ ಕೈ ನೋಡುವವಳಂತೆ. “ಸುಟ್ಟದ.”

ಅವನು ಚರ್ಮದ ಚೀಲದ ನೀರನ್ನು ಅವಳ ಕೈ ಮೇಲೆ ಸುರಿದ. ಚೀಲ ಖಾಲಿಯಾಗುವವರೆಗೆ ಸುರಿದ. ಆಮೇಲೂ ಕೈ ಬಿಡಲಿಲ್ಲ.

“ಇನ್ನಮ್ಯಾಲ ನಿಮ್ಮನ್ನ ವೈನಿ ಅಂತ ಕರಿಯಾಕ ನನ್ನಿಂದ ಆಗೂದಿಲ್ಲ,” ಎಂದ. ದನಿ ತೀರ ಸಣ್ಣದಾಗಿತ್ತು.

“ಮತ್ತೇನಂತ ಕರೀತೀರಿ?”

“ಹೆಸರು ಹಿಡದು. ನಮ್ಮ ಮಂದ್ಯಾಗ ಉಡಕಿ ನಡೀತದ. ಗಂಡ ಸತ್ತಾಕಿ ಮತ್ತ ಸಂಸಾರ ಮಾಡಬಾರದು ಅಂತ ಏನಿಲ್ಲ. ಕಾಕಾನ ಕೇಳ್ತೀನಿ. ನಿಮ್ಮನ್ನ ಕೇಳದ ಅವರನ್ನ ಕೇಳೂದು ಸರಿ ಅಲ್ಲ.”

ಹುಣಸೆ ಎಲೆಗಳು ಎಂಜಿನ್ನಿನ ಮೇಲೆ ಉದುರುತ್ತಿದ್ದವು.

“ನನ್ನೊಳಗ ಏನ ಕಂಡೀರಿ? ನೀವು ಇಷ್ಟು ನಗಸಾಕ ನೋಡಿದ್ರಿ. ಒಂದಿನಾ ನಗಲಿಲ್ಲ ನಾ.”

“ನಕ್ಕಾವ್ರು ಭಾಳ ಮಂದಿ ಅದಾರ. ನಕ್ಕು ಮರತು ಹೋಗ್ತಾರ. ನೀವು ನಗಲಿಲ್ಲ, ಖರೇ ನಾ ಆಡಿದ್ದೆಲ್ಲಾ ಕೇಳಿದ್ರಿ. ನಮ್ಮವ್ವಗ ಕಾಲು ನೋವು ಅಂತ ನಾ ಯಾವಾಗೋ ಅಂದಿದ್ದೆ. ಮೊನ್ನಿ ನೀವು ಔಡಲೆಣ್ಣಿ ಕಟ್ಟಿ ಕೊಟ್ರಿ.”

“ನನಗ ಏನೂ ಅನಸೂದಿಲ್ಲರಿ. ನಿಮ್ಮ ಮ್ಯಾಲ ಪ್ರೀತಿ ಅದ ಅಂತ ಹೇಳಿದ್ರ ಸುಳ್ಳಾಗ್ತದ.” ಅವಳು ಯೋಚಿಸಿ, ಒಂದೊಂದೇ ಮಾತು ಆರಿಸಿ ಹೇಳಿದಳು. “ಆದ್ರ ನೀವು ಅಕ್ಕಲಕೋಟಿಗಿ ಹೋದ ದಿನ ಕೊಟಗ್ಯಾಗ ಸಪ್ಪಳ ಇರಲಿಲ್ಲ. ಅದು ತಿಳೀತು ನನಗ.”

“ಅಷ್ಟ ಸಾಕು,” ಎಂದ ಸಾಯಬಣ್ಣ.

ಮರದ ಆಚೆ ಕಲ್ಲಣ್ಣ ಕೈಯಲ್ಲಿ ರೊಟ್ಟಿಯ ತುಣುಕು ಹಿಡಿದು ಇತ್ತಲೇ ನೋಡುತ್ತಿದ್ದ. ಸಾಯಬಣ್ಣ ಕೈ ಬಿಟ್ಟ. ಅರಿವೆ ಸುತ್ತಿದ ಕೈಯಿಂದ ನೀಲಾಬಾಯಿ ಉಳಿದ ಬೋಲ್ಟುಗಳನ್ನು ಬಿಗಿದಳು.

*

ತುಳಜಾಬಾಯಿಯ ಕಣ್ಣು ಕತ್ತರಿಸಿದರು. ಪಟ್ಟಿ ಕಟ್ಟಿ, ತಲೆ ಅಲುಗಿಸದೆ ಮಲಗಬೇಕೆಂದರು. ದವಾಖಾನೆಯ ಅಂಗಳದಲ್ಲಿ ಸಾಯಬಣ್ಣ ಕಲ್ಲಣ್ಣನ ಮುಂದೆ ಟೋಪಿ ತೆಗೆದು ನಿಂತು ಕೇಳಿದ.

“ಮೋಟಾರು ರಿಪೇರಿ ಮಾಡಾಕ ಕರಸಿದ್ದೆ,” ಎಂದ ಕಲ್ಲಣ್ಣ. “ನನ್ನ ಮನಿ ರಿಪೇರಿ ಮಾಡಾಕ ಅಲ್ಲ.”

ಸಾಯಬಣ್ಣ ಮೋಟಾರನ್ನು ದವಾಖಾನೆಯ ಗೋಡೆಗೆ ಹಚ್ಚಿ ನಿಲ್ಲಿಸಿ, ಸ್ಟೇಷನ್ನಿಗೆ ನಡೆದು ರೈಲು ಹತ್ತಿದ. ಹೋಗುವ ಮುಂಚೆ ನೀಲಾಬಾಯಿಯ ಕಡೆ ನೋಡಿದ. ಅವಳು ಅತ್ತೆಯ ಸೀರೆ ಹಿಂಡುತ್ತಿದ್ದಳು. ಹಿಂಡಿದ ಸೀರೆಯನ್ನೇ, ನೀರು ಇಲ್ಲದಿದ್ದರೂ, ಇನ್ನೂ ಹಿಂಡುತ್ತಿದ್ದಳು.

ಮಿಲ್ಲಿನ ಭೋಂಗಾ ಕೂಗಿದಾಗಲೆಲ್ಲ ತುಳಜಾಬಾಯಿ, “ಸಾಯಬಣ್ಣ ಎಲ್ಲಿ? ಅವನ ದನಿ ಇಲ್ಲಲ್ಲ,” ಎಂದು ಕೇಳುತ್ತಿದ್ದಳು. ಕೊನೆಗೆ ಒಂದು ಸಂಜೆ ಕಲ್ಲಣ್ಣ ಬಾಯಿಬಿಟ್ಟ. ಸೊಸೆ ಅಲ್ಲೇ ಹಾಸಿಗೆಯ ಕಾಲ ಬಳಿ ಕೂತಿದ್ದಳು.

“ಆಕಿ ವಯಸ್ಸರೆ ಎಷ್ಟದ?” ಎಂದಳು ತುಳಜಾಬಾಯಿ, ಪಟ್ಟಿ ಕಟ್ಟಿದ ಮುಖವನ್ನು ಮೇಲಕ್ಕೆ ಮಾಡಿಯೇ. “ನಾವು ಸತ್ತಮ್ಯಾಲ ಆ ಗ್ವಾಡಿ ಕೂಡ ಮಾತಾಡ್ಬೇಕೇನು?”

“ಆಕೀನೂ ಹೋದ್ರ ಆ ಮನ್ಯಾಗ ಶಿವರಾಯನ ನೆನಸಾವ್ರು ಯಾರು?” ಕಲ್ಲಣ್ಣನ ದನಿ ಒಡೆಯಿತು. “ಹೇಳು ನೀನ. ಆಕಿ ಇರೂತನಾ ಅಂವ ಇದ್ದಂಗ.”

ಆಗ ನೀಲಾಬಾಯಿ ಮಾತಾಡಿದಳು. “ಇಲ್ಲ ಮಾವಾರ. ನಾ ಇದ್ದೂ ಅವರನ್ನ ನೆನಸಿಲ್ಲ.”

ಕಲ್ಲಣ್ಣ ಸೊಸೆಯ ಕಡೆ ತಿರುಗಿದ.

“ನನಗ ಅವರ ಮಾರಿ ಮರತಂಗ ಆಗ್ಯಾದ. ಹುಬ್ಬು ನೆನಪಾದ್ರ ಬಾಯಿ ನೆನಪಾಗೂದಿಲ್ಲ. ದನಿ ನೆನಪಾದ್ರ ಏನಂದ್ರು ಅಂತ ನೆನಪಾಗೂದಿಲ್ಲ. ಅಳಬೇಕು ಅಂತ ಭಾಳ ನೋಡೀನಿ. ನೀವು ನನ್ನ ನೋಡಿ ಅವರನ್ನ ಕಾಣತೀರಿ. ನಾ ಒಳಗ ನೋಡಿದ್ರ ಯಾರೂ ಇಲ್ಲ. ನಿಮಗ ಮೋಸ ಮಾಡಿದಂಗ ಅನಸ್ತದ.”

ಕಲ್ಲಣ್ಣ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವನು ಬೈಯುತ್ತಾನೆ ಎಂದುಕೊಂಡಳು. ಅವನು ರುಮಾಲಿನ ಅಂಚನ್ನು ಬೆರಳಿಂದ ಸವರುತ್ತ ಕೂತಿದ್ದ.

“ನನಗೂ ಹಂಗ ಆಗ್ಯಾದವ್ವಾ,” ಎಂದ. “ಯಾರ ಮುಂದನೂ ಅಂದಿಲ್ಲ. ಹೆತ್ತ ತಂದಿ, ನನಗೂ ಅವನ ಮಾರಿ ಬರೋಬ್ಬರಿ ಕಾಣವಲ್ತು.”

ತುಳಜಾಬಾಯಿಯ ಕೈ ಹಾಸಿಗೆಯ ಮೇಲೆ ಹುಡುಕಾಡಿ ಗಂಡನ ಮೊಣಕಾಲು ಹಿಡಿಯಿತು, ಇನ್ನೊಂದು ಸೊಸೆಯ ಬೆರಳುಗಳನ್ನು ಹಿಡಿಯಿತು. ದೀಪ ಹಚ್ಚುವ ನರ್ಸು ಬರುವವರೆಗೆ ಮೂವರೂ ಹಾಗೇ ಇದ್ದರು.

ಮರುದಿನ ಕಲ್ಲಣ್ಣ ರೈಲಿನಲ್ಲಿ ಅಕ್ಕಲಕೋಟೆ ಸ್ಟೇಷನ್ನಿಗೆ ಹೋದ. ಸಾಯಬಣ್ಣ ಗೆಳೆಯನೊಬ್ಬನ ಮೋಟಾರಿಗೆ ಒರಗಿ ನಿಂತಿದ್ದ. ಮುದುಕನನ್ನು ಕಂಡು ನೆಟ್ಟಗಾದ.

“ನಿಮ್ಮ ಕಾಕೂನ ಊರಿಗಿ ಕರಕೊಂಡು ಹೋಗಬೇಕು. ಓಡಸಾವ್ರಿಲ್ಲ,” ಎಂದ ಕಲ್ಲಣ್ಣ. ಅರ್ಧ ತಿರುಗಿ, ರೈಲುಹಳಿಗಳಿಗೆ ಹೇಳುವಂತೆ ಹೇಳಿದ, “ಮತ್ತ ಆ ಉಡಕಿ ಮಾತೂ ಮುಗಸೂಣು.”

*

ಕಣ್ಣಿನ ಪಟ್ಟಿ ಬಿಚ್ಚಿ ಕನ್ನಡಕ ಹಾಕಿದ ದಿನ ತುಳಜಾಬಾಯಿ ಮೊದಲು ತನ್ನ ಕೈ ನೋಡಿಕೊಂಡಳು, ಆಮೇಲೆ ಕಿಟಕಿ, ಆಮೇಲೆ ಸೊಸೆಯನ್ನು. ದಪ್ಪ ಕನ್ನಡಕದ ಹಿಂದೆ ಅವಳ ಕಣ್ಣುಗಳು ಎರಡು ಪಟ್ಟು ದೊಡ್ಡದಾಗಿ ಕಾಣುತ್ತಿದ್ದವು.

“ಎಷ್ಟು ಸೊರಗೀದಿ ನೀಲಾ. ನೀ ಹಿಂಗಾಗೀದಿ ಅಂತ ಒಬ್ಬರರೆ ನನಗ ಹೇಳಲಿಲ್ಲಲ್ಲ.”

ಉಡಕಿಯನ್ನು ಸಾಮಾನ್ಯವಾಗಿ ಕತ್ತಲಾದ ಮೇಲೆ, ಮುತ್ತೈದೆಯರಿಲ್ಲದೆ, ದೀಪ ಸಣ್ಣ ಮಾಡಿ ಮುಗಿಸುತ್ತಿದ್ದರು. ಅಕ್ಕಲಕೋಟೆಯ ಸಣ್ಣ ಮಠವೊಂದರ ಅಯ್ಯನವರೂ ಹಾಗೇ ಹೇಳಿದರು. ತುಳಜಾಬಾಯಿ ಒಪ್ಪಲಿಲ್ಲ.

“ಕತ್ತಲಾಗ ಯಾಕ್ರಿ? ಕಳವು ಮಾಡಾಕತ್ತೀವೇನು? ದೇವರು ಈಗ ಕಣ್ಣು ಕೊಟ್ಟಾನ. ನಾ ನೋಡಬೇಕು.”

ಹೀಗಾಗಿ ನಡು ಹಗಲಲ್ಲಿ, ಮಠದ ಅಂಗಳದ ಬಿಸಿಲಿನಲ್ಲಿ ಸಾಯಬಣ್ಣ ನೀಲಾಬಾಯಿಗೆ ತಾಳಿ ಕಟ್ಟಿದ. ಹನ್ನೂರಿನಿಂದ ಅವನ ತಾಯಿ ಬಂದಿದ್ದಳು. ತುಳಜಾಬಾಯಿ ಕನ್ನಡಕ ಸರಿಮಾಡಿಕೊಳ್ಳುತ್ತ ತೀರ ಹತ್ತಿರ ನಿಂತಿದ್ದಳು. ನೀಲಾಬಾಯಿಗೆ ಎಲ್ಲವೂ ದೂರದ ಜಾತ್ರೆಯ ಸದ್ದಿನಂತೆ ಕೇಳಿತು. ಅವಳು ಬಗ್ಗಿದಳು, ಎದ್ದಳು, ನಮಸ್ಕಾರ ಮಾಡಿದಳು.

ಮುದುಕರನ್ನು ಮೈಂದರ್ಗಿಗೆ ಮುಟ್ಟಿಸಲು ಸಾಯಬಣ್ಣನ ಗೆಳೆಯ ಮೋಟಾರು ಹತ್ತಿದ. ಕಲ್ಲಣ್ಣ ಏನೋ ಹೇಳಲು ಬಾಯಿ ತೆರೆದು, ಹೇಳದೆ, ಅವಳ ತಲೆಯ ಮೇಲೆ ಕೈಯಿಟ್ಟು ಹೋಗಿ ಕೂತ. ಮೋಟಾರು ಧೂಳೆಬ್ಬಿಸಿ ತಿರುವಿನಲ್ಲಿ ಮರೆಯಾಯಿತು. ಸಾಯಬಣ್ಣನ ತಾಯಿ ಬುಟ್ಟಿ ಹೊತ್ತು, ಊರೊಳಗಿನ ಅವನ ಬಾಡಿಗೆ ಮನೆಯ ಕಡೆ ಮುಂದೆ ನಡೆದಳು. ಅವರಿಬ್ಬರೂ ಹಿಂದೆ, ಪೇಟೆಯ ಓಣಿಯಲ್ಲಿ.

ಬಳೆಗಾರರ ಅಂಗಡಿಯ ಹತ್ತಿರ ಅವಳ ಕಾಲುಗಳು ನಿಂತವು. ಎದೆಯಲ್ಲಿ ಏನೋ ಚುಚ್ಚಿತು. ಬಹಳ ಹೊತ್ತು ಮಡಿಚಿ ಕೂತ ಕಾಲಿನ ಜೋಮು ಬಿಡುವಾಗ ಚುಚ್ಚುತ್ತದಲ್ಲ, ಹಾಗೆ. ಮೊದಲು ಒಂದು ಕಡೆ, ಆಮೇಲೆ ಎಲ್ಲ ಕಡೆ. ಸತ್ತವನ ಮುಖ, ಹುಬ್ಬು ಬಾಯಿ ಎಲ್ಲ ಕೂಡಿಕೊಂಡು, ಒಮ್ಮೆಲೇ ಪೂರ್ತಿ ಕಣ್ಣೆದುರು ಬಂದಿತು. ಅವಳು ಅಂಗಡಿಯ ಕಟ್ಟೆ ಹಿಡಿದು ನಿಂತು ಅತ್ತಳು. ಬಿಕ್ಕಿ ಬಿಕ್ಕಿ, ದಾರಿಯ ಜನ ನೋಡುತ್ತಿರುವಾಗಲೇ ಅತ್ತಳು.

ಸಾಯಬಣ್ಣ ಅವಳಿಗೂ ಜನಕ್ಕೂ ನಡುವೆ ಬಂದು ನಿಂತ.

“ಏನಾತು ನೀಲಾ?”

“ನೋಯ್ತದರಿ.”

“ಮೈಂದರ್ಗಿಗಿ ಕಾಕೂನ ಹಂತೇಕ ಹೋಗಬೇಕಂದ್ರ ಹೇಳು. ಈಗ ಬಿಟ್ಟು ಬರ್ತೀನಿ. ಸಿಟ್ಟಾಗೂದಿಲ್ಲ ನಾ.”

ಅವಳು ಇಲ್ಲವೆಂದು ತಲೆಯಾಡಿಸಿದಳು. ಮೂಗು ಒರೆಸಿಕೊಂಡಳು. ಉಸಿರು ತಿರುಗಿ ಬರಲು ಸ್ವಲ್ಪ ಹೊತ್ತು ಬೇಕಾಯಿತು.

“ಬ್ಯಾಡ. ನೋಯ್ಲಿ,” ಎಂದಳು. “ನಡೀರಿ, ಮನಿ ಯಾವ ಕಡೆ ಅದ?”